ಎರಡು ನಿಮಿಷಕ್ಕೆ ಒಂದು ಸುಳಿ

ನಮ್ಮ ಟಿವಿಯಲ್ಲಿ ಚಿತ್ರ ನೆಟ್ಟಗೆ ನಿಂತು ಒಂದು ವರ್ಷವಾಗಿತ್ತು. ಗಾಳಿ ಬೀಸಿದರೆ ಚೌಕ ಚೌಕವಾಗಿ ಒಡೆಯುತ್ತಿತ್ತು, ಬೀಸದಿದ್ದರೆ ‘ಸಿಗ್ನಲ್ ಇಲ್ಲ’ ಎಂಬ ನೀಲಿ ಪರದೆ. ಶೆಟ್ಟಿಕೆರೆಯಲ್ಲಿ ಎಲ್ಲರೂ ಕೇಬಲ್ ಹಾಕಿಸಿಕೊಂಡರೂ ನಾನು ಡಿಶ್ಶನ್ನೇ ಹಿಡಿದು ಕೂತಿದ್ದೆ. ‘ಈ ತಿಮ್ಮರಾಜು ಜಿಪುಣ’ ಎಂದು ಊರವರು ನನ್ನನ್ನು ಆಡಿಕೊಂಡರು. ಅನ್ನಲಿ.

ಕಾರಣ ಆ ಡಿಶ್ಶಿನ ಬಾಕ್ಸಿನೊಳಗಿತ್ತು. ನಮ್ಮ ಒಬ್ಬಳೇ ಮಗಳು ಭವ್ಯಶ್ರೀ ತಿಪಟೂರಿನ ಕಾಲೇಜಿನಿಂದ ಒಂದು ಟಿವಿ ಕ್ವಿಜ್‌ಗೆ ಹೋಗಿದ್ದಳು. ಅದು ಪ್ರಸಾರವಾದ ದಿನ ಅವಳೇ ಬಾಕ್ಸಿನಲ್ಲಿ ರೆಕಾರ್ಡ್ ಮಾಡಿಟ್ಟಳು. ಅವಳು ಮಾತಾಡುವುದು ಎರಡೇ ನಿಮಿಷ. “ನಮ್ಮೂರಿಗೆ ಬನ್ನಿ ಸಾರ್, ನನ್ನ ಮರದ ಎಳನೀರು ಕೊಡ್ತೀನಿ” ಎಂದು ನಗುತ್ತಾಳೆ. ಅದಾಗಿ ಐದು ತಿಂಗಳಿಗೆ ಡೆಂಗ್ಯೂ ಬಂತು. ನಾಲ್ಕೇ ದಿನ. ಅವಳಿಗೆ ಹತ್ತೊಂಬತ್ತು.

ಅವಳ ಮರವೆಂದರೆ ಬಚ್ಚಲ ಹಿಂದಿನ ತೆಂಗು. ಅವಳು ಹುಟ್ಟಿದಾಗ ಬಾಣಂತಿಗೂ ಮಗುವಿಗೂ ಎರೆದ ನೀರು ಹರಿಯುವ ಕಡೆ ನಮ್ಮವ್ವ ಒಂದು ಸಸಿ ಇಟ್ಟಿದ್ದಳು. ಆ ನೀರು ಕುಡಿದೇ ಅದು ಬೆಳೆಯಿತು. ಈಗ ಅದೇ ಮರ ಡಿಶ್ಶಿಗೆ ಅಡ್ಡ ನಿಂತಿತ್ತು.

ಹಂದನಕೆರೆಯಲ್ಲಿ ಡಿಶ್ಶು-ಕೇಬಲ್ಲಿನ ಅಂಗಡಿ ಇಟ್ಟಿರುವ ರವಿಕಿರಣ್ ಬಂದು ತಾರಸಿಯ ನಾಲ್ಕು ಮೂಲೆಗೂ ಡಿಶ್ ಇಟ್ಟು ನೋಡಿದ.

“ಈ ಮೂಲೇಲಿ ಒಂದೇ ಮರ ಅಡ್ಡ. ಉಳಿದ ಕಡೆ ಐದಾರು. ಸುಮ್ನೆ ಕೇಬಲ್ ಹಾಕಿಸ್ಕೊಳ್ಳಿ ಅಣ್ಣಾ.”

“ಮಗಳ ರೆಕಾರ್ಡಿಂಗು ಅದ್ರಲ್ಲಿ ಬತ್ತದಾ?”

“ಇಲ್ಲ. ಅದು ಈ ಬಾಕ್ಸಲ್ಲೇ ಓಡ್ಬೇಕು, ಸಿಗ್ನಲ್ ಇದ್ರೇನೇ ತೆರೆಯೋದು. ಬೇಕಾದ್ರೆ ಒಂದು ಕೆಲಸ...”

ಮುಂದೇನೋ ಹೇಳಲು ಹೊರಟ. ನನಗೆ ಸಿಟ್ಟು ನೆತ್ತಿಗೇರಿತ್ತು. “ನಿನ್ನ ಕೇಬಲ್ಲು ನೀನೇ ಇಟ್ಕೊ, ನಡಿಯಯ್ಯಾ” ಎಂದು ಗದರಿ ಕಳಿಸಿದೆ. ನನ್ನ ಬಾಯಿಯೇ ಅಂಥದ್ದು.

ಮಾರನೆಯ ದಿನ ಮರ ಹತ್ತುವ ಕೆಂಚಯ್ಯನನ್ನು ಕರೆಸಿದೆ. ಅಡ್ಡ ಬಂದ ಗರಿಗಳನ್ನೆಲ್ಲ ಸವರಿದ. ಪರದೆಯಲ್ಲಿ ಮಗಳ ಮುಖ ಒಂದು ಕ್ಷಣ ಮೂಡಿ, ಸಿಗ್ನಲ್ ಹೋಗಿ ಮತ್ತೆ ನೀಲಿಯಾಯಿತು. ಅಡ್ಡಕ್ಕೆ ಇನ್ನು ನಡುವೆ ಹೊಸ ಗರಿ ಹುಟ್ಟುವ ಸುಳಿಯೊಂದು ಉಳಿದಿತ್ತು.

“ಸುಳಿ ತೆಗಿ.”

“ಸುಳಿ ತೆಗೆದ್ರೆ ಮರ ಸಾಯ್ತದೆ ಕಣಣ್ಣಾ. ತೋಟ ಮಾಡೋ ನಿಮಗೆ ನಾನು ಹೇಳ್ಬೇಕಾ?” ಕೆಂಚಯ್ಯ ಮೇಲಿನಿಂದಲೇ ಕೂಗಿದ.

ನನ್ನ ಹೆಂಡತಿ ಸುನಂದಾ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. “ಮರ ಇರ್ಲಿ ಬುಡ್ರಿ. ಅದಾದ್ರೂ ಉಸಿರಾಡ್ತದೆ.”

“ಮರ ಅಪ್ಪಾ ಅಂತ ಕರೆಯಲ್ಲ ಕಣೇ!”

ಅವಳು ಒಳಗೆ ಹೋದಳು. ಕೆಂಚಯ್ಯ ಎರಡು ಸಲ ನನ್ನ ಮುಖ ನೋಡಿ ಮಚ್ಚು ಬೀಸಿದ.

ಚಿತ್ರ ಕನ್ನಡಿಯ ಹಾಗೆ ಬಂತು. ಮಗಳ ಕಿವಿಯ ಓಲೆ ಕೂಡ ಕಂಡಿತು. ನಾನು ಅಳುತ್ತಲೇ ಮೊಬೈಲ್ ಹಿಡಿದು ಎರಡು ನಿಮಿಷವನ್ನೂ ತುಂಬಿಕೊಂಡೆ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು. ಎಳನೀರಿನ ಮಾತು ಬಂದಾಗ ಸುನಂದಾ ಪರದೆಯ ಹತ್ತಿರ ಹೋಗಿ, “ಎಲ್ಲಿಂದ ತಂದು ಕೊಡ್ತೀಯೇ, ನನ್ನವ್ವಾ?” ಅಂದಳು. ನಾನು ಟಿವಿ ಆರಿಸಿದೆ.

ಇನ್ನು ಡಿಶ್ ಏಕೆ ಎಂದು ವಾರದ ಮೇಲೆ ನಾನೇ ರವಿಕಿರಣ್‌ಗೆ ಫೋನ್ ಮಾಡಿ ಕೇಬಲ್ ಹಾಕಲು ಕರೆದೆ. ಬಂದವನು ಹಿತ್ತಿಲಿಗೆ ಹೋಗಿ ಸುಳಿಯಿಲ್ಲದ ಮರ ನೋಡಿ ನಿಂತುಬಿಟ್ಟ.

“ರೆಕಾರ್ಡಿಂಗಿಗೆ ಕಡಿಸಿದ್ರಾ? ಅವತ್ತೇ ಹೇಳಕ್ಕೆ ಬಂದೆ ಕಣಣ್ಣಾ, ನೀವು ಬಾಯಿ ಮುಚ್ಚಿಸಿದ್ರಿ. ಬಾಕ್ಸ್ ಬಿಚ್ಕೊಂಡು ಅಂಗಡಿಗೆ ಬನ್ನಿ ಅಂತ. ನಮ್ಮ ತಾರಸಿ ಡಿಶ್ಶಿಗೆ ಹಾಕಿ ಮೊಬೈಲಿಗೆ ತುಂಬ್ಕೊಳ್ಳೋದು ಐದು ನಿಮಿಷದ ಕೆಲಸ.”

ಸುನಂದಾ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸುಳಿ ಹೋದ ಮರ ಕೂಡಲೇ ಸಾಯುವುದಿಲ್ಲ. ಉಳಿದ ಗರಿಗಳು ಒಂದೊಂದೇ ಕೆಳಗಿಳಿದು ಒಣಗಬೇಕು. ಅದಕ್ಕೆ ತಿಂಗಳುಗಳೇ ಬೇಕು. ಸುನಂದಾ ದಿನವೂ ಬೆಳಗಾದರೆ ಬಚ್ಚಲಿನಿಂದ ಎರಡು ಕೊಡ ನೀರು ತಂದು ಅದರ ಬುಡಕ್ಕೆ ಸುರಿಯುತ್ತಾಳೆ. ನಾನು ಒಳಗೆ ಕೂತು ಆ ಸದ್ದು ಕೇಳುತ್ತೇನೆ. ಮೊಬೈಲಿನಲ್ಲಿರುವ ಮಗಳನ್ನು ಒಂದು ದಿನವೂ ತೆರೆದು ನೋಡಿಲ್ಲ.