ಮುಚ್ಚಿದ ಗಾಳಿ ಪೈಪು

"ಅಲ್ಲೇ ನಿಲ್ಲೇ, ದರಿದ್ರದವಳೇ! ನೀನು ಒಳಗೆ ಕಾಲಿಟ್ರೆ ಮನೆಯೆಲ್ಲಾ ನಾರುತ್ತೆ. ಹೋಗು, ಇನ್ನೊಂದ್ಸಲ ಮೈ ತೊಳ್ಕೊಂಡು ಬಾ!"

ಮನೆಯೊಡತಿ ಕೂಗಿದ್ದು ಕೆಲಸದವಳ ಮೇಲೆ. ನಾನು ಬಚ್ಚಲಿನ ಗೋಡೆ ಒಡೆದು, ಒಳಗಿನ ಹಳೆಯ ಕಬ್ಬಿಣದ ಪೈಪಿಗೆ ಗರಗಸ ಹಾಕಿದ್ದೆ. ಕೈ ನಿಂತಿತು. ಕಿಟಕಿಯಾಚೆ, ಹಿತ್ತಲ ನಲ್ಲಿಯ ಕೆಳಗೆ ಕೂತು, ಉಟ್ಟ ಬಟ್ಟೆಯಲ್ಲೇ ಬೆಳಗಿನಿಂದ ಎರಡನೇ ಸಲ ನೀರು ಹುಯ್ದುಕೊಳ್ಳುತ್ತಿದ್ದವಳು ನನ್ನ ಒಡಹುಟ್ಟಿದ ಅಕ್ಕ.

"ಏನ್ ಹಂಗೆ ನೋಡ್ತಿದೀಯ? ಗೊತ್ತಾ ಅವಳು?" ಯಜಮಾನ ಕೇಳಿದ.

"ಇಲ್ಲ ಸಾರ್."

ಅಕ್ಕನಿಗೆ ಕೇಳಿಸಿತು. ಅವಳು ತಿರುಗಲಿಲ್ಲ.

ಆ ಮನೆಯಲ್ಲಿ ಎರಡು ತಿಂಗಳಿಂದ ಕೊಳಕು ವಾಸನೆ ಎಂದು ನನಗೆ ಹೇಳಿ, ಹೋಗಿ ಕೆಲಸ ಕೇಳೆಂದು ಕಳಿಸಿದ್ದವಳೂ ಅವಳೇ. ಯಜಮಾನನಿಗೆ ಇನ್ನೂ ನಾಲ್ಕು ಮನೆಗಳಿದ್ದವು. ಅಲ್ಲಿನ ಪೈಪೂ ನಿನ್ನ ಕೈಯಲ್ಲೇ ಹಾಕಿಸ್ತೀನಿ ಅಂದಿದ್ದ. ನಾರುವವಳ ತಮ್ಮ ಎಂದು ತಿಳಿದರೆ ಗೇಟು ದಾಟಿಸುವುದಿಲ್ಲ ಎಂದು ಅಂಜಿದೆ. ಮತ್ತೆ ಗರಗಸ ಎಳೆದೆ.

ಮರುದಿನ ತಾರಸಿ ಹತ್ತಿದಾಗ ಕಂಡಿತು. ಚರಂಡಿಯ ಗಾಳಿ ಮೇಲೆ ಹೋಗಲೆಂದು ಇಟ್ಟಿದ್ದ ಪೈಪನ್ನು ತಾರಸಿಯ ನೆಲದ ಮಟ್ಟಕ್ಕೆ ಕತ್ತರಿಸಿ, ಬಾಯಿಗೆ ಸಿಮೆಂಟು ಮೆತ್ತಿ, ಮೇಲೆ ಕಲ್ಲಿನ ಬೆಂಚು ಕೂರಿಸಿದ್ದರು. ಹೋಗಲು ದಾರಿಯಿಲ್ಲದ ಗಾಳಿ ಬಚ್ಚಲ ತೂಬಿನಿಂದ ಮನೆಯೊಳಗೇ ನುಗ್ಗುತ್ತಿತ್ತು.

ಯಜಮಾನನನ್ನು ಕರೆದು ತೋರಿಸಿದೆ. ಅವನು ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದ.

"ನಾನೇ ಮುಚ್ಸಿದ್ದು ಕಣಯ್ಯಾ, ಕೂರೋಕೆ ಅಡ್ಡ ಆಗ್ತಿತ್ತು ಅಂತ. ನಮ್ಮನೆಯವಳ ಕಿವಿಗೆ ಹಾಕ್ಬೇಡ, ಜೀವ ತಿಂತಾಳೆ. ಸುಮ್ನೆ ಸರಿಮಾಡು."

"ಮತ್ತೆ ಆಯಮ್ಮನ್ನ ದಿನಾ ಬೈತಾರಲ್ಲ ಸಾರ್..."

"ಅವಳಿಗೇನೋ! ಬೈಸ್ಕೊಂಡು ಅಭ್ಯಾಸ ಇದೆ."

"ಆಗ್ಲಿ ಸಾರ್" ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಆ ಸಂಜೆ ನಮ್ಮ ಮನೆಯಲ್ಲಿ ಅಕ್ಕ ನನಗೆ ಎಂದಿನಂತೆ ಊಟ ಬಡಿಸಿದಳು. ತಲೆ ಎತ್ತದೆ ಉಂಡೆ.

ಮೂರನೇ ದಿನ ಹೊಸ ಪೈಪು ಕೂಡಿಸಿ, ಗಾಳಿ ಪೈಪನ್ನು ತಾರಸಿಯಿಂದ ಆಳೆತ್ತರಕ್ಕೆ ಏರಿಸಿದೆ. ಮಧ್ಯಾಹ್ನದ ಹೊತ್ತಿಗೆ ವಾಸನೆ ಹೋಗಿತ್ತು. ಮನೆಯೊಡತಿ ಹಜಾರದಲ್ಲಿ ಉಸಿರೆಳೆದು ನೋಡಿದಳು.

"ನೋಡಿದ್ರಾ? ಬೆಳಗ್ಗೆಯಿಂದ ಆ ಮುಂಡೇನ ಒಳಗೆ ಸೇರಿಸ್ಲಿಲ್ಲ, ಮನೆ ಘಮ್ಮಂತಿದೆ. ಏಯ್, ನಾಳೆಯಿಂದ ಬರ್ಬೇಡ ನೀನು!"

ಯಜಮಾನ ಪೇಪರಿನಿಂದ ಕಣ್ಣು ತೆಗೆಯಲಿಲ್ಲ. ಬಾಗಿಲಾಚೆ ನಿಂತಿದ್ದ ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ನನ್ನ ಕೆಲಸ ಕೆಡಬಾರದೆಂದು ನನ್ನತ್ತ ಕಣ್ಣೂ ಹಾಯಿಸಲಿಲ್ಲ. ಅದನ್ನು ನನಗೆ ತಡೆಯಲಾಗಲಿಲ್ಲ.

ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಪೈಪಿನ ತುಂಡನ್ನು ಹೆಗಲಿಗೇರಿಸಿ ನೇರ ಹಜಾರಕ್ಕೆ ನಡೆದೆ. ಯಜಮಾನನ ಎದುರಿನ ಗಾಜಿನ ಮೇಜಿನ ಮೇಲೆ ಇಳಿಸಿದೆ. ಗಾಜು ಬಿರಿಯಿತು. ವರ್ಷಗಟ್ಟಲೆಯ ಕಪ್ಪು ರಾಡಿ ಪೇಪರಿನ ಮೇಲೆ ಹರಿಯಿತು.

"ಮೂಸಿ ನೋಡಮ್ಮಾ! ನಾರ್ತಿದ್ದಿದ್ದು ಇದು, ನಿಮ್ಮದೇ ಹೇಲು. ಇದರ ಗಾಳಿ ಹೊರಗೆ ಹೋಗೋ ಪೈಪು ಮುಚ್ಸಿದ್ದು ನಿನ್ನ ಗಂಡ. ಅವಳು ನಮ್ಮಕ್ಕ!"

"ಬೋಳಿಮಗನೇ!" ಯಜಮಾನ ಎದ್ದ. ನಾನು ಅಕ್ಕನ ಕೈ ಹಿಡಿದು ಬೀದಿಗೆ ಬಂದೆ.

ತಿರುವಿನಲ್ಲಿ ಅವಳು ಕೈ ಬಿಡಿಸಿಕೊಂಡಳು.

"ಗಾಳಿ ಪೈಪು ಮುಚ್ಚಿರೋದು ನಿಂಗೆ ಯಾವತ್ತು ಗೊತ್ತಾಯ್ತೋ?"

"ನಿನ್ನೆ."

"ನಿನ್ನೇನೂ ಎರಡು ಸಲ ಸ್ನಾನ ಮಾಡ್ಸಿದ್ರು ಕಣೋ ನಂಗೆ" ಎಂದು, ಅವಳು ಮುಂದೆ ನಡೆದಳು.