ಎರಡು ಪ್ರತಿಗಳ ನಡುವಿನ ಒಂದು ಸಾಲು

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಗಲದ ಕಪ್ಪು ಪೆಟ್ಟಿಗೆ. ಒಳಗೆ ಕನ್ನಡಿಯಂಥ ಬಿಲ್ಲೆಗಳಿವೆ, ಅವುಗಳನ್ನು ತಾಗಿಯೂ ತಾಗದಂತೆ ಓಡಾಡುವ ಒಂದು ಮುಳ್ಳಿದೆ. ದೂರದ ಯಾವುದೋ ದೇಶದಲ್ಲಿ, ಧೂಳಿನ ಸುಳಿವೇ ಇಲ್ಲದ ಕೋಣೆಯಲ್ಲಿ, ಮೂಗು ಬಾಯಿ ಕಟ್ಟಿಕೊಂಡ ಹೆಂಗಸರು ನನ್ನನ್ನು ಜೋಡಿಸಿದರು. ಕೊನೆಯ ತಿರುಪು ಬಿಗಿದ ಮೇಲೆ ನನ್ನೊಳಗೆ ಬೆಳಕು ಬಿದ್ದಿಲ್ಲ. ಬರೆದದ್ದನ್ನು ಇಟ್ಟುಕೊಳ್ಳಬೇಕು, ಕೇಳಿದಾಗ ಕೊಡಬೇಕು. ನನಗೆ ಕಲಿಸಿದ್ದು ಅಷ್ಟೇ. ಮಿಕ್ಕಿದ್ದನ್ನೆಲ್ಲ ಮೇಜಿನ ಮೇಲೆ ಬಿದ್ದುಕೊಂಡು ನಾನೇ ಕಲಿತೆ.

ನನ್ನನ್ನು ಮೊದಲು ಕೊಂಡವನು ಜೋಕಿಮ್ ಕುಟಿನ್ಹೊ ಎಂಬ ಮಂಗಳೂರಿನ ಹುಡುಗ. ಅಣೆಕಟ್ಟುಗಳಿಗೆ ಕಂಪ್ಯೂಟರ್ ಕೂರಿಸುವ ಕಂಪನಿಯಲ್ಲಿ ಅವನಿಗೆ ಕೆಲಸ. ಅವನ ಚೀಲದಲ್ಲಿ ಕೂತು ನಾನು ಮುದ್ಲಗಟ್ಟಿ ಅಣೆಕಟ್ಟಿಗೆ ಬಂದೆ. ಕಟ್ಟೆಯ ತುದಿಗೆ ಗಾಜಿನ ಕಂಟ್ರೋಲ್ ರೂಮು. ಅದರ ದೊಡ್ಡ ಕಂಪ್ಯೂಟರಿನೊಳಗೆ, ಬಸುರಿಯ ಹೊಟ್ಟೆಯಲ್ಲಿ ಕೂಸಿದ್ದ ಹಾಗೆ, ಇನ್ನೊಂದು ಕಂಪ್ಯೂಟರನ್ನು ಜೋಕಿಮ್ ಹುಟ್ಟಿಸಿದ. ಅದಕ್ಕೆ ಮೈಯಿಲ್ಲ. ವರ್ಚುವಲ್ ಮಷೀನ್ ಎನ್ನುತ್ತಿದ್ದರು. ನೀರಿನ ಮಟ್ಟ ಓದುವುದು, ಗೇಟು ಎತ್ತುವುದು, ಗೇಟು ಏಳುವ ಮುಂಚೆ ಕೆಳಗಿನ ಹಳ್ಳಿಗೆ ಕೇಳುವಂತೆ ಸೈರನ್ ಕೂಗಿಸುವುದು, ಎಲ್ಲ ಅದರ ಕೆಲಸ. ಮೈಯಿಲ್ಲದ್ದರಿಂದ ಅದನ್ನು ಇಡಿಯಾಗಿ ನಕಲು ಮಾಡಿ ಎತ್ತಿಡಬಹುದಿತ್ತು. ಕೆಲಸ ಮುಗಿದ ದಿನ ಜೋಕಿಮ್ ಅಂಥದೊಂದು ನಕಲನ್ನು ನನ್ನೊಳಗೆ ತುಂಬಿಸಿ, ನನ್ನನ್ನು ಕಸ್ತೂರಿ ಹಡಪದ ಅವರ ಕೈಗಿಟ್ಟ.

"ಇದು ಇವತ್ತಿನ ಮಷೀನ್ ಮೇಡಂ, ಏನೂ ಹಾಳಾಗದೆ ಇರುವಾಗಿನದ್ದು. ಜಾಗ್ರತೆ ಇಡಿ. ಮುಂದೆ ಏನಾದ್ರೂ ಎಡವಟ್ಟಾದ್ರೆ ಇದನ್ನು ಇಟ್ಟು ನೋಡ್ಲಿಕ್ಕೆ ಆಗ್ತದೆ."

ಕಸ್ತೂರಿ ಅಲ್ಲಿಯ ಸಹಾಯಕ ಇಂಜಿನಿಯರು. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನನ್ನನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತಮ್ಮ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ನಾನು ಅಲ್ಲಿ ಬಹಳ ಕಾಲ ಮಲಗಿದ್ದೆ. ಗೇಟುಗಳು ಏಳುವಾಗ ಮೇಜಿನ ಕಾಲಿನ ಮೂಲಕ ಸಣ್ಣ ನಡುಕ ಬರುತ್ತಿತ್ತು. ಅದಕ್ಕೂ ಮೊದಲು, ಗಾಜಿನಾಚೆಯಿಂದ, ಕರು ಕಳೆದುಕೊಂಡ ಎಮ್ಮೆಯ ಕೂಗಿನಂಥ ಸೈರನ್. ಆ ಕ್ರಮ ನನಗೆ ರೂಢಿಯಾಗಿಹೋಗಿತ್ತು. ಮೊದಲು ಕೂಗು, ಆಮೇಲೆ ನಡುಕ.

ಒಂದು ಚಳಿಗಾಲದ ಬೆಳಿಗ್ಗೆ ಕೂಗಿಲ್ಲದೆ ನಡುಕ ಬಂತು. ಕಸ್ತೂರಿ ಅವತ್ತು ಕೋಣೆಯಲ್ಲಿರಲಿಲ್ಲ. ಖಾನೆಯೊಳಗಿನ ನಾನು ಯಾರಿಗೆ ಹೇಳಲಿ? ಆಮೇಲೆ ಬೇಸಿಗೆ ಬಂತು, ಗೇಟುಗಳು ಮುಚ್ಚಿಕೊಂಡೇ ಇದ್ದವು, ನಾನೂ ಮರೆತೆ.

ಮಳೆಗಾಲದ ಕೊನೆಗೆ ಕಟ್ಟೆ ತುಂಬಿ, ದಸರೆ ಹತ್ತಿರವಾಗುತ್ತಿದ್ದಾಗ, ಮತ್ತೆ ಹಾಗೆಯೇ ಕೂಗಿಲ್ಲದ ನಡುಕ ಬಂತು.

ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯುವುದು ಆ ಕಡೆಯ ಪದ್ಧತಿ. ಕಟ್ಟೆಯ ಕೆಳಗಿನ ಕೆಳಗಿನಹಾಳ ಎಂಬ ಊರಿನ ಹುಲಿಗೆವ್ವ ಕೌದಿ ಹೊತ್ತುಕೊಂಡು ಹೊಳೆಯ ನಡುವಿನ ಹಾಸುಬಂಡೆಗೆ ಹೋಗಿದ್ದಳು. ನೀರು ಗೋಡೆಯಂತೆ ಬಂತಂತೆ. ಅವಳ ಗಂಡ ಯಮನೂರಪ್ಪ ಹರಿಗೋಲು ಹಾಕುವವನು. ದಂಡೆಯಲ್ಲಿ ಬಲೆ ಬಿಡಿಸುತ್ತ ಕೂತಿದ್ದವನು ಎದ್ದು ನೋಡುವುದರೊಳಗೆ ಬಂಡೆಯೇ ಇರಲಿಲ್ಲ. ಕೌದಿ ಸೇತುವೆಯ ಕಂಬಕ್ಕೆ ಸುತ್ತಿಕೊಂಡು ಸಿಕ್ಕಿತು. ಹುಲಿಗೆವ್ವ ಬಹಳ ಕೆಳಗೆ ಸಿಕ್ಕಳು.

ಅವತ್ತು ಗೇಟಿನ ಗುಂಡಿ ಒತ್ತಿದವನು ಆಪರೇಟರ್ ಮೌಲಾಸಾಬ. ಸೈರನ್ ತಾನಾಗಿಯೇ ಕೂಗುವಂಥದ್ದು, ಆದರೆ ಅದನ್ನು ನಿಲ್ಲಿಸಲು ಗೋಡೆಯ ಮೇಲೊಂದು ಕೆಂಪು ಗುಂಡಿ ಇತ್ತು. ಅವನೇ ಅದನ್ನು ಒತ್ತಿದ್ದಾನೆ ಎಂದರು. ಗೇಟು ಎತ್ತುವ ಗಡಿಬಿಡಿ, ಹೊರಗೆ ನೀರಿನ ಮೊರೆತ. ಕೂಗಿತೋ ಇಲ್ಲವೋ ಅವನು ಗಮನಿಸಿರಲಿಲ್ಲ. "ಅಲ್ಲಾನ ಆಣಿ ನಾ ಮುಟ್ಟಿಲ್ರಿ ಅಕ್ಕಾರ" ಎಂದು ಕಸ್ತೂರಿಯ ಮುಂದೆ ಕೈಮುಗಿದ ಮರುದಿನ ಪೊಲೀಸರು ಅವನನ್ನು ಕರೆದೊಯ್ದರು.

ಕಸ್ತೂರಿ ಖಾನೆಯ ಬೀಗ ತೆಗೆದದ್ದು ಅವತ್ತೇ. ನಡೆಯುತ್ತಿದ್ದ ಮಷೀನಿನ ಇನ್ನೊಂದು ನಕಲನ್ನು ನನ್ನೊಳಗೆ ಇಳಿಸಿಕೊಂಡರು. ಸಂಜೆಯ ಹೊತ್ತಿಗೆ ಪೊಲೀಸರು ತನಿಖೆ ಮುಗಿಯುವತನಕ ಆ ಮಷೀನಿನಲ್ಲಿ ಏನನ್ನೂ ಬದಲಿಸಕೂಡದೆಂದು ಆಜ್ಞೆ ಮಾಡಿ ಹೋದರು. ಅಣೆಕಟ್ಟನ್ನು ನಿಲ್ಲಿಸಿಡಲಾಗುವುದಿಲ್ಲವಲ್ಲ, ಹಾಗಾಗಿ ಅದು ಇದ್ದ ಹಾಗೆಯೇ ನಡೆಯುತ್ತಿತ್ತು.

ಈಗ ನನ್ನೊಡಲಲ್ಲಿ ಎರಡು ಮಷೀನುಗಳು, ಒಂದು ಜೋಕಿಮ್ ಕೊಟ್ಟದ್ದು, ಇನ್ನೊಂದು ಹುಲಿಗೆವ್ವ ಸತ್ತ ಮೇಲಿನದು. ನೋಡಿದರೆ ಅವಳಿ ಮಕ್ಕಳು. ಆದರೆ ಒಂದು ಕೂಗುತ್ತಿತ್ತು, ಇನ್ನೊಂದು ಕೂಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಕಸ್ತೂರಿ ಕಂಟ್ರೋಲ್ ರೂಮಿನ ಮೂಲೆಯ ಮೇಜಿಗೆ ಕೂತು ನನ್ನನ್ನು ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿದರು. ಕೋಣೆಯಲ್ಲಿ ಮೌಲಾಸಾಬನ ಜಾಗಕ್ಕೆ ಬಂದಿದ್ದ ಫಕೀರಪ್ಪ ಒಬ್ಬನೇ ಇದ್ದ. ಎರಡೂ ನಕಲುಗಳನ್ನು ಓದಲು ಮಾತ್ರ ಬರುವಂತೆ, ಒಂದಕ್ಷರವೂ ತಿದ್ದಲು ಬಾರದಂತೆ ತೆರೆದರು. ಇದರ ಕಡತಕ್ಕೆ ಅದರ ಕಡತ, ಹೋಲಿಸಿ ನೋಡುವ ಕೆಲಸ ಶುರುವಾಯಿತು. ನನ್ನ ಮುಳ್ಳು ಅತ್ತಿಂದಿತ್ತ ಹಾರಿ ಹಾರಿ ಮೈ ಕಾದುಹೋಯಿತು. ಬೇರೆಯಾಗಿದ್ದ ಕಡತಗಳು ರಾಶಿ ರಾಶಿ ಬಂದವು. ದಿನದಿನದ ನೀರಿನ ಮಟ್ಟ ಬೇರೆ ಇರಲೇಬೇಕು, ಅದನ್ನು ಸರಿಸಿದರು. ಕಂಪನಿಯವರು ಕಾಲಕಾಲಕ್ಕೆ ಹೊಸದು ಮಾಡಿದ್ದೂ ಬೇರೆಯೇ ಇರಬೇಕು, ಅದನ್ನೂ ಸರಿಸಿದರು. ಅಕ್ಕಿಯಲ್ಲಿ ಹರಳು ಆರಿಸುವ ಹಾಗೆ ಆರಿಸುತ್ತ ಆರಿಸುತ್ತ ಹೋದಂತೆ ಕೊನೆಗೆ ಒಂದೇ ಒಂದು ಉಳಿಯಿತು. ಸೈರನ್ನಿನ ಕಡತ.

ಹಳೆಯದರಲ್ಲಿ ಒಂದು ಸಾಲು ಇತ್ತು: ಗೇಟಿಗೆ ಮುಂಚೆ ಸೈರನ್, ಹೌದು. ಹೊಸದರಲ್ಲಿ ಅದೇ ಸಾಲು: ಗೇಟಿಗೆ ಮುಂಚೆ ಸೈರನ್, ಇಲ್ಲ.

ಕಸ್ತೂರಿಯ ಉಸಿರು ನನ್ನ ಮೇಲೆ ಬಿತ್ತು. ಮೌಲಾಸಾಬ ಗುಂಡಿ ಮುಟ್ಟಿರಲಿಲ್ಲ. ಮುಟ್ಟುವ ಅಗತ್ಯವೇ ಇರಲಿಲ್ಲ. ಆ ಬದಲಾವಣೆ ಮಾಡಿದವರ ಹೆಸರನ್ನು ಮಷೀನೇ ಬರೆದಿಟ್ಟಿತ್ತು. ಅವರು ಕೆಳಗೆ ಸರಿಸಿ ಓದಿದರು.

ಕಸ್ತೂರಿ ಹಡಪದ.

ಅವರ ಕೈ ತಣ್ಣಗಾದದ್ದು ನನ್ನ ಕಾದ ಮೈಗೆ ಗೊತ್ತಾಯಿತು. ತಾನು ಯಾವಾಗ ಮಾಡಿದೆ? ತಾರೀಖು ನೋಡಿದರು. ಆ ದಿನ ಅವರು ಹುಬ್ಬಳ್ಳಿಯ ಕಣ್ಣಾಸ್ಪತ್ರೆಯಲ್ಲಿದ್ದರು, ಅವ್ವನ ಪೊರೆ ತೆಗೆಸಲು. ಆಸ್ಪತ್ರೆಯ ಮೆಟ್ಟಿಲ ಮೇಲಿದ್ದಾಗ ಫೋನ್ ಬಂದಿತ್ತು. ಮೇಲಧಿಕಾರಿ ಗಡಾದ ಸಾಹೇಬರು ನಿಮ್ಮ ಪಾಸ್‌ವರ್ಡ್ ಹೇಳಿ, ಸಣ್ಣ ಕೆಲಸ ಐತಿ ಎಂದಿದ್ದರು. ಕಸ್ತೂರಿ ಹೇಳಿದ್ದರು. ಸಾಹೇಬರು ಕೇಳಿದರೆ ಇಲ್ಲವೆನ್ನುವುದು ಹೇಗೆ?

"ಏನ್ ನೋಡಾಕತ್ತೀರಿ ಕಸ್ತೂರಿ?"

ಗಡಾದ ಸಾಹೇಬರು ಹಿಂದೆಯೇ ನಿಂತಿದ್ದರು. ಕೆಟ್ಟ ಮನುಷ್ಯರಲ್ಲ. ಹಬ್ಬಕ್ಕೆ ಎಲ್ಲರಿಗೂ ತಮ್ಮ ಮನೆಯಿಂದ ಹೋಳಿಗೆ ತರಿಸುವವರು. ಪರದೆಯ ಮೇಲಿನ ಎರಡು ಸಾಲುಗಳನ್ನು ಓದಿದರು. ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಕಸ್ತೂರಿ ಹೆದರಿದ್ದು ಅದನ್ನು ನೋಡಿ.

"ನಿಮಗ ಮೊದಲೇ ಗೊತ್ತಿತ್ತ್ರಿ ಸರ್?"

ಸಾಹೇಬರು ಫಕೀರಪ್ಪನನ್ನು ಚಹಾ ತರಲು ಕಳಿಸಿ ಕುರ್ಚಿ ಎಳೆದುಕೊಂಡರು. "ಮಗಳ ಲಗ್ನದ ಮುಂಚಿನ ಫೋಟೋ. ಹಿಂದ ನೀರು ಧುಮುಕೂದು ಬೇಕು ಅಂದ್ಲು. ಒಂದು ಗೇಟು, ಒಂದು ಗಳಿಗೆ. ಸೈರನ್ ಕೂಗಿದ್ರ ಊರಿಗೆ ಊರೇ ಓಡಿ ಬರ್ತಿತ್ತು. ಕೆಳಗ ಮಂದಿ ನಿಂದ್ರಿಸಿ, ಯಾರೂ ಇಲ್ಲ ಅಂತ ನೋಡೇ ಎತ್ತಿಸಿದೆ. ಮರುದಿನ ಹಳೇದಕ್ಕ ತಿರುಗಿಸಬೇಕಂತಿದ್ದೆ." ಪರದೆಯ ಮೇಲಿನ ಸಾಲಿಗೆ ಬೆರಳು ಹಚ್ಚಿದರು. "ಮರ್ತೆ, ಕಸ್ತೂರಿ. ಬರೇ ಮರ್ತೆ."

"ಮೌಲಾಸಾಬ ಒಳಗದಾನ್ರಿ."

"ಅಂವಗ ಜಾಮೀನು ಕೊಡಿಸೋಣ, ವಕೀಲರನ್ನ ನಾ ನೋಡ್ತೀನಿ. ಇದನ್ನ ಮಾತ್ರ ಹೊರಗ ತರಬ್ಯಾಡ್ರಿ." ಅವರು ನನ್ನ ಕಡೆ ಬೆರಳು ಮಾಡಿದರು. ದನಿ ಏರಲಿಲ್ಲ, ಇನ್ನೂ ಮೆತ್ತಗಾಯಿತು. "ತಂದ್ರ ಅದರಾಗ ಇರೂದು ನನ್ನ ಹೆಸರಲ್ಲ. ನಿಮ್ಮದು."

ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಮೇಲಿನ ಅಣೆಕಟ್ಟಿನವರು. ಅಲ್ಲಿ ಭಾರೀ ಮಳೆ, ನೀರು ಬಿಟ್ಟಾಗಿದೆ, ನೀವೂ ಗೇಟು ಎತ್ತಿ, ತಡ ಮಾಡಬೇಡಿ ಎಂದರು. ಚಹಾ ಹಿಡಿದು ಬಂದ ಫಕೀರಪ್ಪ ಲೋಟಗಳನ್ನು ಕೆಳಗಿಟ್ಟು ಗುಂಡಿಯ ಹತ್ತಿರ ಹೋಗಿ ನಿಂತ.

ಕಸ್ತೂರಿ ಗಾಜಿಗೆ ಹಣೆ ಹಚ್ಚಿ ಕೆಳಗೆ ನೋಡಿದರು. ಹೊಳೆಯ ನಡುವಿನ ಮರಳಿನಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದರು. ಬಂಡೆಗಳ ಮೇಲೆ ಬಣ್ಣಬಣ್ಣದ ಬಟ್ಟೆ ಹರವಿತ್ತು. ಒಂದು ಸಾವಾದ ಮೇಲೆ ಸರಕಾರದವರು ಸೈರನ್ ಸರಿ ಮಾಡಿರುತ್ತಾರೆ ಎಂದು ಊರು ನಂಬಿತ್ತು. ಕೂಗು ಕೇಳುವತನಕ ಭಯವಿಲ್ಲ ಎಂದು ಮೊದಲಿಗಿಂತ ಹೆಚ್ಚು ಜನ ಇಳಿದಿದ್ದರು.

"ಫಕೀರಪ್ಪ, ಕೈ ತಗಿ," ಎಂದರು ಕಸ್ತೂರಿ. ದೊಡ್ಡ ಕಂಪ್ಯೂಟರಿನ ಮುಂದೆ ಹೋಗಿ ನನ್ನನ್ನು ಅದಕ್ಕೆ ಚುಚ್ಚಿದರು.

ಸಾಹೇಬರು ಅವರ ಮುಂಗೈ ಹಿಡಿದುಕೊಂಡರು. "ಹುಚ್ಚ ಹಿಡದೈತೇನ್ರಿ? ಪೊಲೀಸರು ಮುಟ್ಟಬ್ಯಾಡ ಅಂದಾರ. ಈಗ ನೀವು ತಿದ್ದಿದ್ರ ಎಲ್ಲಾ ನೀವೇ ಮಾಡಿದ್ರಿ ಅಂತಾರ. ನೌಕರಿ ಹೋಕ್ಕತಿ. ಜೀಪ್ ಕಳಸೋಣು."

"ಜೀಪ್ ಹೋಗೂದ್ರಾಗ ನೀರು ಹೋಗಿರ್ತೈತ್ರಿ. ಕೆಳಗ ಮಂದಿ ಐತಿ, ಸರ್. ಒಮ್ಮೆ ನೋಡ್ರಿ."

ಸಾಹೇಬರು ಗಾಜಿನ ಕಡೆ ತಿರುಗಲಿಲ್ಲ. ಆದರೆ ಹಿಡಿದ ಕೈ ಸಡಿಲವಾಯಿತು. ಕಸ್ತೂರಿ ಜೋಕಿಮ್ ಕೊಟ್ಟ ನಕಲಿನೊಳಗಿಂದ ಆ ಹಳೆಯ ಕಡತವನ್ನು ಎತ್ತಿ, ನಡೆಯುತ್ತಿದ್ದ ಮಷೀನಿನಲ್ಲಿ ಇಟ್ಟರು. ಫಕೀರಪ್ಪನಿಗೆ ತಲೆಯಾಡಿಸಿದರು. ಅವನು ಗೇಟಿನ ಗುಂಡಿ ಒತ್ತಿದ.

ಸೈರನ್ ಕೂಗಿತು.

ಗಾಜು ನಡುಗುವಂತೆ ಕೂಗಿತು. ಕೆಳಗೆ ಮರಳಿನಲ್ಲಿದ್ದ ಚುಕ್ಕೆಗಳು ಒಮ್ಮೆ ನಿಂತವು, ಆಮೇಲೆ ಚದುರಿ ದಂಡೆಯ ಕಡೆ ಓಡತೊಡಗಿದವು. ಎತ್ತುಗಳು ಮುಂದೆ, ಜನ ಹಿಂದೆ. ಒಂದು ಸೀರೆಯನ್ನು ಮಾತ್ರ ಯಾರೂ ತಿರುಗಿ ಎತ್ತಿಕೊಳ್ಳಲಿಲ್ಲ. ಕೂಗು ನಿಂತ ಮೇಲೆಯೇ ನನಗೆ ಗೇಟಿನ ನಡುಕ ತಿಳಿದದ್ದು. ನೀರು ಮರಳನ್ನು ಮುಚ್ಚಿತು. ಸಾಹೇಬರು ಮುಖ ಮುಚ್ಚಿಕೊಂಡು ಕೂತಿದ್ದರು. ಚಹಾ ಆರಿಹೋಗಿತ್ತು.

ಕಸ್ತೂರಿ ಅಲ್ಲಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ನನ್ನನ್ನು ಕೊಟ್ಟರು. ತಮ್ಮ ಹೆಸರು ಯಾವ ಸಾಲಿನ ಕೆಳಗಿದೆ ಎಂಬುದನ್ನೂ ತಾವೇ ತೋರಿಸಿದರು. ಇನ್‌ಸ್ಪೆಕ್ಟರು ನನ್ನನ್ನು ಲಕೋಟೆಗೆ ಹಾಕಿ ಅರಗು ಒತ್ತುತ್ತ, "ಇದನ್ನ ತಂದು ನಿಮ್ಮ ಕೊರಳಿಗೆ ನೀವೇ ಹಗ್ಗ ಹಾಕ್ಕೊಂಡ್ರಲ್ರಿ ಮೇಡಮ್ಮರ," ಎಂದರು. ಕಸ್ತೂರಿ ರಸೀದಿಗೆ ಸಹಿ ಹಾಕಿದರು.

ಇನ್‌ಸ್ಪೆಕ್ಟರು ಹೇಳಿದ ಹಾಗೆಯೇ ಆಯಿತು. ಕಸ್ತೂರಿಯನ್ನು ಅಮಾನತು ಮಾಡಿದರು. ಆ ಭಾನುವಾರದ ಬಗ್ಗೆ ಕೇಳಿದರೆ ಫಕೀರಪ್ಪ, ಚಹಾ ತರಲು ಹೋಗಿದ್ದೆ, ನನಗೇನೂ ಗೊತ್ತಿಲ್ಲ ಎಂದ. ಗಡಾದ ಸಾಹೇಬರು ರಜೆ ಹಾಕಿ ಆಮೇಲೆ ಬೇರೊಂದು ಅಣೆಕಟ್ಟಿಗೆ ವರ್ಗವಾಗಿ ಹೋದರು.

ನಾನು ಮೊಕದ್ದಮೆಗಳ ಸಾಕ್ಷಿ ಸಾಮಾನು ಕೂಡಿಡುವ ಕೋರ್ಟಿನ ಮುದ್ದೆಮಾಲಿನ ಕೋಣೆ ಸೇರಿದೆ. ನನ್ನ ಒಂದು ಪಕ್ಕಕ್ಕೆ ರಕ್ತ ಒಣಗಿದ ಕುಡುಗೋಲು, ಇನ್ನೊಂದು ಪಕ್ಕಕ್ಕೆ ವಿಷದ ಬಾಟಲಿ, ಮೇಲೆ ಯಾರದೋ ಮಗುವಿನ ಬಟ್ಟೆಯ ಗಂಟು. ಗೋಡೆಗೆಲ್ಲ ತೇವ. ತಿರುಗದೆ ಬಿದ್ದ ಡಿಸ್ಕಿನ ಮುಳ್ಳು ಬಿಲ್ಲೆಗೆ ಅಂಟಿಕೊಳ್ಳುತ್ತದೆ. ಒಂದೊಂದು ಮಳೆಗಾಲಕ್ಕೂ ನನ್ನ ಮೈ ಬಿಗಿಯುತ್ತ ಬಂತು. ಒಳಗಿನ ಆ ಎರಡು ಸಾಲುಗಳು ನನ್ನ ಜೊತೆ ಸತ್ತರೆ ಬೇರೆ ಎಲ್ಲಿಯೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಭಯವನ್ನು ನಾನು ಕಂಡಿಲ್ಲ.

ಕೊನೆಗೊಂದು ದಿನ ಕರೆ ಬಂತು. ಅರಗು ಒಡೆದು ನನ್ನನ್ನು ಕೋರ್ಟಿನ ಕಂಪ್ಯೂಟರಿಗೆ ಜೋಡಿಸಿದರು. ನಾನು ತಿರುಗಲು ನೋಡಿದೆ. ಟಕ್ ಎಂದು ನಿಂತೆ. ಮತ್ತೆ ನೋಡಿದೆ. ಮತ್ತೆ ಟಕ್. ಸಾಕ್ಷಿಯಾಗಿ ಕರೆಸಿದ್ದ ಗಡಾದ ಸಾಹೇಬರ ಜೊತೆ ಬಂದಿದ್ದ ಅವರ ವಕೀಲರು ಎದ್ದು ನಿಂತು, "ಸ್ವಾಮಿ, ಇದು ಕೆಟ್ಟಿದೆ," ಎಂದರು.

"ಬಂದ್ ಮಾಡಬ್ಯಾಡ್ರಿ," ಕಸ್ತೂರಿ ಸಾಕ್ಷಿಯ ಕಟಕಟೆಯಿಂದಲೇ ಕೂಗಿದರು. "ತಡೀರಿ, ಅದಕ್ಕ ಸ್ವಲ್ಪ ಕಾವು ಏರಲಿ."

ತಡೆದರು. ನಾನು ಎದ್ದೆ. ಎರಡೂ ನಕಲುಗಳು ತೆರೆದವು, ಎರಡು ಸಾಲುಗಳು ಅಕ್ಕಪಕ್ಕ ಬಂದು ನಿಂತವು. ನ್ಯಾಯಾಧೀಶರು ಓದಿ ಬರೆಸಿಕೊಂಡರು. ತಾರೀಖನ್ನೂ ಬರೆಸಿಕೊಂಡರು. ಹುಬ್ಬಳ್ಳಿಯ ಆಸ್ಪತ್ರೆಯವರು ಆ ದಿನ ಮಗಳು ತಾಯಿಯ ಪಕ್ಕದಲ್ಲೇ ಇದ್ದಳೆಂದು ಸಾಕ್ಷಿ ನುಡಿದಿದ್ದರು. ಸಾಹೇಬರ ಮಗಳ ಫೋಟೋ ತೆಗೆದವನೂ ಬಂದು, ಹೌದು, ಅವತ್ತು ಹಿಂದೆ ನೀರು ಧುಮುಕುತ್ತಿತ್ತು ಎಂದ. ಮೌಲಾಸಾಬನ ಮೇಲಿನ ಮೊಕದ್ದಮೆ ಅಂದೇ ಬಿದ್ದುಹೋಯಿತು. ಗಡಾದ ಸಾಹೇಬರದು ಶುರುವಾಯಿತು.

ಗುಮಾಸ್ತರು ನನ್ನನ್ನು ಮತ್ತೆ ಲಕೋಟೆಗೆ ಹಾಕಿ ಪಡಸಾಲೆಗೆ ಬಂದು, ಕೋಣೆಯ ಬೀಗದ ಕೈಗೆ ಕಾಯುತ್ತ ನಿಂತರು. ನಾನಿನ್ನು ತಿರುಗಲಾರೆನೆಂದು ನನಗೆ ತಿಳಿದುಹೋಗಿತ್ತು. ಮುಳ್ಳು ಎಲ್ಲೋ ತಾಗಿತ್ತು. ಅಲ್ಲೇ ಬೆಂಚಿನ ಮೇಲೆ ಕಸ್ತೂರಿ ಕೂತಿದ್ದರು, ಮೌಲಾಸಾಬ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಯಮನೂರಪ್ಪ ಕಂಬದ ಮರೆಯಿಂದ ಬಂದು ಅವರೆದುರು ನೆಲಕ್ಕೆ ಕೂತ.

"ಅಕ್ಕಾರ, ಒಂದು ಕೇಳ್ತೀನ್ರಿ. ಅವತ್ತು ಅದು ಕೂಗಿದ್ರ, ಆಕಿ ಮ್ಯಾಲ ಬರ್ತಿದ್ಲಲ್ರಿ?"

ಕಸ್ತೂರಿ ಅವನ ಮುಖ ನೋಡಿದರು. ಸುಳ್ಳು ಹೇಳಬಹುದಿತ್ತು. ಬೇರೆ ಯಾರಾದರೂ ಹೇಳುತ್ತಿದ್ದರೇನೋ.

"ಬರ್ತಿದ್ಲು, ಯಮನೂರಪ್ಪ."

ಅವನು ಹೌದೆಂಬಂತೆ ತಲೆಯಾಡಿಸಿದ. ಬೀಗದ ಕೈ ಬಂತು. ಬಾಗಿಲು ತೆರೆದರು. ಗುಮಾಸ್ತರು ನನ್ನನ್ನು ಒಳಗಿಟ್ಟರು.