ಭಾವನ ಹಲ್ಲು ಮಾಯವಾದ ಫೋಟೋ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡೋದು ಅಂತ ತಲೆ ಕೆರೆದುಕೊಂಡು ಕೂತಿದ್ದೇನೆ. "ತಮ್ಮ ತೊಟ್ಟಿಲಿಗೆ ಬಗ್ಗಿದ. ಕಣ್ಣಂಚಿನಲ್ಲಿ ಹನಿಯೊಂದು ಹೊಳೆಯಿತು" ಅಂತ ಬರೆದೆ. (ಹನಿ ಹೊಳೆಯದಿದ್ದರೆ ನೀವು ಬಿಡುತ್ತೀರಾ?) ಅಷ್ಟರಲ್ಲಿ ಕಥೆಯೊಳಗಿನ ಆ ತಮ್ಮನೇ ಅಡ್ಡಬಾಯಿ ಹಾಕಿದ.

"ಸಾರ್, ನಾನು ಅತ್ತಿಲ್ಲ."

"ಸ್ವಲ್ಪ ಅಳಪ್ಪಾ. ಕಥೆಗೆ ಬೇಕು."

"ಬರಲ್ಲ ಸಾರ್. ಬೇಕಾದ್ರೆ ನೀವೇ ಅತ್ಕೊಳ್ಳಿ."

ಆ ಡ್ರಾಫ್ಟ್ ಕಸದ ಬುಟ್ಟಿಗೆ ಹೋಯಿತು.

೨

ಸರಿ, ನೆಟ್ಟಗೆ ಹೇಳುತ್ತೇನೆ. ತಮ್ಮನಿಗೆ ಸ್ಕಿಜೋಫ್ರೇನಿಯಾ. ಕಿವಿಯಲ್ಲಿ ಪಿಸುಗುಡುತ್ತಿದ್ದ ದನಿಗಳು ಮಾತ್ರೆಗೆ ಸುಮ್ಮನಾಗಿವೆ. ಮುಖ ಮಾತ್ರ ಅಲುಗಾಡುವುದಿಲ್ಲ, ನಗುವೂ ಇಲ್ಲ, ಸಿಟ್ಟೂ ಇಲ್ಲ. ಅಕ್ಕ-ಭಾವನ ಮನೆಯಲ್ಲೇ ವಾಸ. ಕೆಲಸ ಫೋಟೋ ಸ್ಟುಡಿಯೋದಲ್ಲಿ, ಕಂಪ್ಯೂಟರಿನ ಮುಂದೆ: ಗಿರಾಕಿಗಳ ಮೊಡವೆ ಅಳಿಸುವುದು, ಮುಚ್ಚಿದ ಕಣ್ಣು ತೆರೆಸುವುದು, ಸಿಡುಕು ಮೋರೆಗಳಿಗೆ ನಗು ಅಂಟಿಸುವುದು. (ಈ ವ್ಯಂಗ್ಯ ನನ್ನದಲ್ಲ. ಕೆಲಸ ಅವನೇ ಹುಡುಕಿಕೊಂಡಿದ್ದು.)

ಅಕ್ಕನಿಗೆ ಮಗು ಹುಟ್ಟಿತು. ತಮ್ಮ ಬಂದ, ನೋಡಿದ, "ಚೆನ್ನಾಗಿದೆ" ಅಂದ, ಬಸ್ ಸ್ಟಾಪಿನಲ್ಲಿ ಯಾರಿಗೋ ಟೈಮ್ ಹೇಳಿದ ಹಾಗೆ.

"ಇವನಿಗೆ ಮಗು ಅಂದ್ರೆ ಇಷ್ಟವೇ ಇಲ್ಲ ಕಣ್ರೀ," ಎಂದು ಅಕ್ಕ ಭಾವನ ಹತ್ತಿರ ಗೋಳಾಡಿದಳು. "ಆ ಮೋರೆ ನೋಡಿದ್ರೆ ಭಯ ಆಗುತ್ತೆ. ಎತ್ಕೊಳ್ಳೋಕೆ ಕೊಡಲ್ಲ."

ಕೊಡಲೂ ಇಲ್ಲ. ತಮ್ಮ ದಿನಾ ಕೇಳುತ್ತಿದ್ದ. ಅವಳು ದಿನಾ "ಈಗ ತಾನೇ ಹಾಲು ಕುಡಿದಿದೆ" ಎನ್ನುತ್ತಿದ್ದಳು. (ಇಷ್ಟು ಹಾಲು ಕುಡಿದ ಮಗು ಇಷ್ಟರಲ್ಲಿ ಪೈಲ್ವಾನ್ ಆಗಬೇಕಿತ್ತು.)

೨, ಇನ್ನೊಮ್ಮೆ

ತಮ್ಮನ ಡಾಕ್ಟರಮ್ಮನನ್ನು ಕಥೆಗೆ ಕರೆಸುತ್ತೇನೆ. ಆಸ್ಪತ್ರೆಗೆ ಹೋದ ಅಕ್ಕನಿಗೆ ಅವರು ಹೇಳಿದ್ದು:

"ಈ ಕಾಯಿಲೆಯಲ್ಲಿ ಒಳಗಿನ ಸಂತೋಷ ಮುಖದವರೆಗೆ ಬರೋದು ಕಡಿಮೆ ಆಗ್ಬಹುದು ಅಮ್ಮ. ಅದನ್ನ ಹೊರಗೆ ತೋರಿಸೋ ಮೆದುಳಿನ ಕೆಲಸ ಮಂದ ಆಗಿರುತ್ತೆ. ಮುಖ ನೋಡಿ ಮನಸ್ಸು ಅಳೀಬೇಡಿ. ಅವರನ್ನೇ ಕೇಳಿ."

ಅಕ್ಕ ತಲೆಯಾಡಿಸಿದಳು. ಮನೆಗೆ ಬಂದು ಕೇಳಿದಳಾ? ಎಲ್ಲಿ! ಕೇಳಿದ್ದರೆ ಕಥೆ ಅಲ್ಲಿಗೇ ಮುಗಿದು ನಾನೂ ಎದ್ದು ಊಟಕ್ಕೆ ಹೋಗುತ್ತಿದ್ದೆ.

೪

(ಮೂರನೆಯದರಲ್ಲಿ ತಮ್ಮನನ್ನು ಕನ್ನಡಿ ಮುಂದೆ ನಿಲ್ಲಿಸಿ ನಗು ಪ್ರಾಕ್ಟೀಸ್ ಮಾಡಿಸಿದ್ದೆ. ಅವನು ಕನ್ನಡಿ ಒರೆಸಿಟ್ಟು ಹೊರಟುಹೋದ.)

ಮನೆಮಂದಿಯೆಲ್ಲ ಕೂತು ಫೋಟೋ ತೆಗೆಸಿಕೊಂಡರು. ಭಾವನ ಬಾಯಲ್ಲಿ ಇದ್ದಬದ್ದ ಹಲ್ಲೆಲ್ಲ ಹೊರಗೆ. ಮಗು ಎತ್ತಿಕೊಂಡ ಅಕ್ಕನ ಮುಖ ಅರಳಿತ್ತು. ತಮ್ಮ ಎಂದಿನಂತೆ.

"ನಿನ್ನ ಮುಖಕ್ಕೂ ಒಂದು ನಗು ಅಂಟಿಸೋ," ಅಂದಳು ಅಕ್ಕ. "ನಾಳೆ ಮಗು ನೋಡಿದ್ರೆ ಏನಂದ್ಕೊಳ್ಳುತ್ತೆ? ಎಲ್ರೂ ಒಂದೇ ಥರ ಕಾಣ್ಬೇಕು."

"ಆಯ್ತು" ಅಂದ ತಮ್ಮ.

ಸಂಜೆ ಫ್ರೇಮ್ ಹಾಕಿಸಿ ತಂದ. ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಭಾವನ ಹಲ್ಲು ನಾಪತ್ತೆ. ಅಕ್ಕನ ನಗು ಇದ್ದ ಜಾಗದಲ್ಲಿ ಸಪಾಟು ತುಟಿ. ಮಗುವನ್ನು ಮಾತ್ರ ಮುಟ್ಟಿರಲಿಲ್ಲ, ಅದು ಆಕಳಿಸುತ್ತಿತ್ತು.

"ಅಯ್ಯೋ, ಇದೇನೋ ಅನಾಹುತ! ನಾನು ಹೀಗಿದ್ನಾ?"

"ಈ ಫೋಟೋದಲ್ಲಿ ನಿಂಗೆ ಮಗು ಇಷ್ಟ ಇಲ್ವಾ ಅಕ್ಕ?"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ! ನನ್ನ ಜೀವ ಅದು."

"ಮುಖದಲ್ಲಿ ಕಾಣ್ತಿಲ್ವಲ್ಲ."

"ಮುಖದಲ್ಲಿ ಕಾಣ್ದಿದ್ರೆ ಇಲ್ಲ ಅಂತಾನಾ..."

ಅಕ್ಕ ಅಲ್ಲಿಗೇ ನಿಲ್ಲಿಸಿದಳು. (ನಾನೂ ನಿಲ್ಲಿಸಿದೆ. ಇದು ನಾನು ಬರೆದದ್ದಲ್ಲ. ಇವನಿಗೆ ಇಷ್ಟು ಕಿಲಾಡಿತನ ಯಾರು ಕೊಟ್ಟರು?)

"ನಂಗೂ ಜೀವ ಅಕ್ಕ," ಅಂದ ತಮ್ಮ, ಎಂದಿನ ಅದೇ ದನಿಯಲ್ಲಿ.

ಮುಕ್ತಾಯ ಒಂದು: ಅಕ್ಕ ಅವನನ್ನು ತಬ್ಬಿಕೊಂಡು ಗೊಳೋ ಎನ್ನುತ್ತಾಳೆ. (ಅಕ್ಕ: "ನಾನು ಹಾಗೆಲ್ಲ ಅಳೋಳಲ್ಲ.")

ಮುಕ್ತಾಯ ಎರಡು: ತಮ್ಮ ಕೊನೆಗೂ ನಗುತ್ತಾನೆ. (ತಮ್ಮ: "ಮತ್ತೆ ಶುರು ಮಾಡಿದ್ರಾ ಸಾರ್?")

ನಡೆದದ್ದು ಇಷ್ಟೇ. ಅಕ್ಕ ಮಗುವನ್ನು ಅವನ ತೋಳಿಗೆ ಕೊಟ್ಟಳು. "ಕತ್ತಿನ ಕೆಳಗೆ ಕೈ ಕೊಡು," ಅಂದಳು. ಅವನು ಕೊಟ್ಟ.

ನಾನು ಪೆನ್ನು ಹಿಡಿದು ಅವನ ಮುಖದ ಹತ್ತಿರಕ್ಕೆ ಬಗ್ಗಿದೆ, ಏನಾದರೂ ಒಂದು ಚೂರು ಸಿಕ್ಕೀತೆಂಬ ಆಸೆ.

"ಸಾರ್," ಎಂದು ಪಿಸುಗುಟ್ಟಿದ, "ಮಗು ಮಲಗ್ತಿದೆ. ನೀವು ಹೊರಗಿರಿ."

ಹೊರಗಿದ್ದೇನೆ. ನೀವೂ ಬನ್ನಿ, ಚಪ್ಪಲಿ ಸದ್ದು ಮಾಡಬೇಡಿ.